ಜೂನ್ ಒಂದರಂದು ಹುಟ್ಟಿದವರು

ಸಂಪಾದಕರೇ, ನಮಸ್ಕಾರ.

ಜಿಲ್ಲಾ ಪುಟದಲ್ಲಿ ನೀವು ಪ್ರತಿ ವರ್ಷ ಕ್ರೀಡಾ ವಸತಿ ನಿಲಯಗಳ ಆಯ್ಕೆಯ ಪ್ರಕಟಣೆ ಹಾಕುತ್ತೀರಿ. ಯಾವ ಮೈದಾನ, ಎಷ್ಟು ಗಂಟೆಗೆ, ಏನೇನು ದಾಖಲೆ ತರಬೇಕು, ಎಲ್ಲ ಇರುತ್ತದೆ. ನಾನು ಮೊದಲು ಹುಡುಕುವುದು ಅದರೊಳಗಿನ ಒಂದೇ ಸಾಲನ್ನು. ಇಂಥ ತಾರೀಖಿಗೆ ಇಷ್ಟು ವರ್ಷ ತುಂಬಿರಬಾರದು ಅನ್ನುವ ಸಾಲು. ಅದನ್ನು ಓದಿದಾಗಲೆಲ್ಲ ಒಬ್ಬ ಹುಡುಗ ಕಣ್ಮುಂದೆ ಬರುತ್ತಾನೆ. ಅವನ ವಿಷಯ ಬರೆಯಬೇಕು ಅಂತ ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಏನು ಕೇಳಬೇಕು ಅನ್ನುವುದು ನನಗೆ ಸ್ಪಷ್ಟವಾಗಿದ್ದು ದೂರದ ಅಮೆರಿಕದಲ್ಲಿ, ಐಸ್ ಹಾಕಿ ನೋಡುತ್ತಾ ಕೂತಿದ್ದಾಗ.

ನಾನು ನಿವೃತ್ತ ದೈಹಿಕ ಶಿಕ್ಷಕ. ಹೊಸನಗರ, ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 33 ವರ್ಷ ಮಕ್ಕಳನ್ನು ಆಡಿಸಿದೆ. ಈಗ ತೀರ್ಥಹಳ್ಳಿ ಹತ್ತಿರ ಒಂದೆಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮಗಳು, ಅಳಿಯ ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಅನ್ನುವ ಊರಲ್ಲಿದ್ದಾರೆ. 2022ರ ದಸರಾ ಮುಗಿಸಿಕೊಂಡು ನಾನು, ನನ್ನ ಹೆಂಡತಿ ಅಲ್ಲಿಗೆ ಹೋಗಿ ನಾಲ್ಕೂವರೆ ತಿಂಗಳು ಇದ್ದು ಬಂದೆವು.

ಒಂದು ಶುಕ್ರವಾರ ರಾತ್ರಿ ಅಳಿಯ ಮತ್ತು ಮೊಮ್ಮಗ ಸೇರಿ ನನ್ನನ್ನು ಮಿಷಿಗನ್ ವಿಶ್ವವಿದ್ಯಾಲಯದ ಯೋಸ್ಟ್ ಐಸ್ ಅರೀನಾಗೆ ಕರೆದುಕೊಂಡು ಹೋದರು. ಹೊರಗಿನಿಂದ ಹಳೇ ಇಟ್ಟಿಗೆ ಕಟ್ಟಡ. ಒಳಗೆ ಸುತ್ತಲೂ ಗಾಜಿನ ಗೋಡೆ, ಅದರಾಚೆ ಬೆಳ್ಳಗೆ ಮಂಜುಗಡ್ಡೆ. ನಮ್ಮ ಹಾಕಿಯ ಚೆಂಡು ಅಲ್ಲಿಲ್ಲ. ಪಕ್ ಅನ್ನುವ ಕಪ್ಪು ರಬ್ಬರ್ ಬಿಲ್ಲೆ. ಮೂರಿಂಚು ಅಗಲ, ಒಂದಿಂಚು ದಪ್ಪ. ಜಾಸ್ತಿ ಪುಟಿಯಬಾರದು ಅಂತ ಆಟಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಅದು ಅಂಚಿನ ಹಲಗೆಗೆ ಬಡಿದಾಗ ಕಲ್ಲಿಗೆ ತೆಂಗಿನಕಾಯಿ ಒಡೆದ ಹಾಗೆ ಸದ್ದಾಗುತ್ತದೆ. ಹುಡುಗರು ಅಷ್ಟು ಜೋರಿನಲ್ಲಿ ಬಂದು ಒಂದೇ ಕಾಲ ಮೇಲೆ ಗಕ್ಕನೆ ತಿರುಗುವುದನ್ನು ನೋಡಿ ನಾನು ಕೂತಲ್ಲಿಂದ ಎದ್ದು ನಿಂತುಬಿಟ್ಟೆ. ದೈಹಿಕ ಶಿಕ್ಷಕನಾದವನಿಗೆ ಅದು ಹಬ್ಬ.

ಮೊಮ್ಮಗನಿಗೆ ಆಗ ಹನ್ನೊಂದು ವರ್ಷ. ಅವನು ಪಕ್ಕದಲ್ಲಿ ಕೂತು ಒಬ್ಬೊಬ್ಬರನ್ನೇ ತೋರಿಸುತ್ತಿದ್ದ. "ಅಜ್ಜ, ಆ 43ನೇ ನಂಬರ್ ಇದಾನಲ್ಲ, ಲ್ಯೂಕ್ ಹ್ಯೂಸ್. ಸೆಪ್ಟೆಂಬರ್ 9ಕ್ಕೆ ಹುಟ್ಟಿದ್ದು. ಆ 19ನೇ ನಂಬರ್ ಆಡಮ್ ಫ್ಯಾಂಟಿಲಿ. ಅವನದು ಅಕ್ಟೋಬರ್ 12." ಆಟಗಾರರ ಗೋಲಿನ ಲೆಕ್ಕ ಬಾಯಿಪಾಠ ಮಾಡುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಹುಟ್ಟಿದ ತಾರೀಖು ಬಾಯಿಪಾಠ ಮಾಡಿದವನನ್ನು ನೋಡಿದ್ದು ಅವತ್ತೇ. ಯಾಕೋ ಅದೆಲ್ಲ ಅಂತ ಕೇಳಿದೆ. "ಡ್ರಾಫ್ಟ್‌ಗೆ ಅದೇ ಮುಖ್ಯ ಅಲ್ವಾ ಅಜ್ಜ" ಅಂದ.

ಅವನೂ ಅವನ ಅಪ್ಪನೂ ಸೇರಿ ಹೇಳಿದ್ದನ್ನು ನಿಮ್ಮ ಓದುಗರಿಗೂ ಹೇಳುತ್ತೇನೆ. ಅಲ್ಲಿನ ಅತಿ ದೊಡ್ಡ ವೃತ್ತಿಪರ ಲೀಗು ಎನ್‌ಎಚ್‌ಎಲ್. ಒಟ್ಟು 32 ತಂಡ. ಪ್ರತಿ ವರ್ಷ ಬೇಸಿಗೆಯಲ್ಲಿ ಈ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಏಳು ಸುತ್ತು, ಒಟ್ಟು 224 ಹುಡುಗರು. ಇದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಇದು ಹರಾಜಲ್ಲ, ಆಯ್ಕೆಯ ಸರದಿ. ಇದಕ್ಕೆ ವಯಸ್ಸಿನ ಗೆರೆ ಇದೆ. ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಬೇಕು. ಸೆಪ್ಟೆಂಬರ್ 16ಕ್ಕೆ ತುಂಬಿದರೆ ಮುಂದಿನ ವರ್ಷ ಬಾ ಅನ್ನುತ್ತಾರೆ.

ಈಗ ಆ ಇಬ್ಬರು ಹುಡುಗರನ್ನು ನೋಡಿ. ಹ್ಯೂಸ್ ಹುಟ್ಟಿದ್ದು 2003ರ ಸೆಪ್ಟೆಂಬರ್ 9. ಗೆರೆಗೆ ಆರೇ ದಿನ ಮುಂಚೆ. ಹಾಗಾಗಿ 2021ರ ಜುಲೈನಲ್ಲಿ, ಇನ್ನೂ 17ರಲ್ಲಿರುವಾಗ, ಮಿಷಿಗನ್ ಕಾಲೇಜಿಗೆ ಕಾಲಿಡುವ ಮೊದಲೇ ನ್ಯೂಜೆರ್ಸಿ ತಂಡ ಅವನನ್ನು ನಾಲ್ಕನೆಯವನಾಗಿ ಆರಿಸಿತು. ಫ್ಯಾಂಟಿಲಿ ಹುಟ್ಟಿದ್ದು 2004ರ ಅಕ್ಟೋಬರ್ 12. ಗೆರೆ ದಾಟಿ 27 ದಿನ. ಅವನು 2023ರ ಜೂನ್‌ವರೆಗೆ ಕಾಯಬೇಕಾಯಿತು. ಇಬ್ಬರ ವಯಸ್ಸಿಗೆ ಹದಿಮೂರು ತಿಂಗಳ ಅಂತರ. ಡ್ರಾಫ್ಟ್‌ಗೆ ಎರಡು ವರ್ಷದ ಅಂತರ. ಆದರೂ ನಾನು ನೋಡಿದ ರಾತ್ರಿ ಇಬ್ಬರೂ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಮಂಜಿನ ಮೇಲೆ ಆಡುತ್ತಿದ್ದರು.

ಅಷ್ಟು ಕೇಳಿದ್ದೇ ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ನಮ್ಮ ಹುಡುಗನ ಕತೆಯೂ ಒಂದು ತಾರೀಖಿನದೇ. ಆದರೆ ಅವನಿಗೆ ಮುಂದಿನ ವರ್ಷ ಬಾ ಅಂತ ಯಾರೂ ಹೇಳಲಿಲ್ಲ.

ಅದು 1988ರ ಜೂನ್. ಹೊಸನಗರ ತಾಲ್ಲೂಕಿನ ಒಂದು ಶಾಲೆ. ಹೊರಗೆ ಹೊಡೆತದ ಮಳೆ. ಒಂದನೇ ತರಗತಿಗೆ ದಾಖಲಾತಿ ನಡೆಯುತ್ತಿತ್ತು. ನನ್ನ ಅಕ್ಷರ ಚೆನ್ನಾಗಿದೆ ಅಂತ ಹೆಡ್‌ಮಾಸ್ತರರು ದಾಖಲಾತಿ ರಿಜಿಸ್ಟರನ್ನು ನನ್ನ ಮುಂದಿಟ್ಟಿದ್ದರು. ಕಂಬಳಿಕೊಪ್ಪೆ ಹಾಕಿಕೊಂಡು ಒಬ್ಬ ತಾಯಿ ಬಂದಳು. ಒಂದು ಕೈಯಲ್ಲಿ ಮೂರನೇ ತರಗತಿಯ ಮಗಳು, ಇನ್ನೊಂದು ಕೈಯಲ್ಲಿ ಸಣ್ಣ ಹುಡುಗ. ಮನೆ ಮೂರು ಮೈಲಿ ದೂರ, ಮಧ್ಯೆ ಎರಡು ಹಳ್ಳ. "ಅಕ್ಕ ಒಬ್ಬಳೇ ಬರಾಕೆ ಹೆದರ್ತಾಳೆ ಸಾರ್. ಇವನ್ನೂ ಸೇರಿಸ್ಕೊಳ್ಳಿ. ಜೊತೆಗೆ ಬರ್ತಾನೆ" ಅಂದಳು. ಹುಟ್ಟಿದ ತಾರೀಖು ಕೇಳಿದೆ. "ದೀಪಾವಳೀಲಿ. ಅಂಟಿಗೆ ಪಂಟಿಗೆಯವರು ದೀಪ ತಗೊಂಡು ಬಂದಿದ್ದ ರಾತ್ರಿ" ಅಂದಳು. ಯಾವ ವರ್ಷದ ದೀಪಾವಳಿ ಅಂತ ಲೆಕ್ಕ ಹಾಕಿದೆವು. 1983. ಅಂದರೆ ನವೆಂಬರ್ ಮೊದಲ ವಾರ. ಹುಡುಗನಿಗೆ ಇನ್ನೂ ಐದೂ ತುಂಬಿರಲಿಲ್ಲ. ಆಗ ಒಂದನೇ ತರಗತಿಗೆ ಐದು ವರ್ಷ ಹತ್ತು ತಿಂಗಳಾಗಿರಬೇಕಿತ್ತು.

ನಾನು 1-6-1982 ಅಂತ ಬರೆದೆ.

ಮಲೆನಾಡಿನ ಹಳೇ ರಿಜಿಸ್ಟರು ಯಾವುದನ್ನೇ ತೆಗೆಯಿರಿ, ಪುಟದ ತುಂಬಾ ಜೂನ್ ಒಂದು ಕಾಣುತ್ತದೆ. ನನ್ನ ವಯಸ್ಸಿನವರಲ್ಲಿ ಎಷ್ಟೋ ಜನ ನಿವೃತ್ತಿಯಾದದ್ದು ಮೇ ಕೊನೆಗೆ. ಆಗಿನ ಮೇಷ್ಟ್ರುಗಳೆಲ್ಲ ಹಾಗೆಯೇ ಮಾಡುತ್ತಿದ್ದರು. ಮಗು ಶಾಲೆಗೆ ಬರಲಿ ಅನ್ನುವುದಷ್ಟೇ ಮನಸ್ಸಿನಲ್ಲಿತ್ತು. ಅಕ್ಕ ಹೆದರದೆ ಬರಲಿ ಅಂತ ಇತ್ತು. ಹದಿನೇಳು ತಿಂಗಳು ದೊಡ್ಡವನನ್ನಾಗಿ ಮಾಡಿದ್ದು ಮುಂದೆ ಅವನ ಕಾಲಿಗೇ ತೊಡರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಆ ಶಾಲೆಯಲ್ಲಿ ನಾನು ಹಾಕಿ ಕಲಿಸಿದೆ. ನನ್ನ ತರಬೇತಿ ಕಾಲದಲ್ಲಿ ಕೋಣೆಯಲ್ಲಿ ಜೊತೆಗಿದ್ದವನು ಕೊಡಗಿನವನು. ಅವನಿಂದ ಹತ್ತಿದ ಹುಚ್ಚು ಅದು. ನಮ್ಮಲ್ಲಿ ಸ್ಟಿಕ್ ಇರಲಿಲ್ಲ. ಬುಡ ಬಾಗಿದ ಬಿದಿರನ್ನು ಹುಡುಕಿ ಕಡಿದು, ಬೆಂಕಿಯಲ್ಲಿ ಬಾಡಿಸಿ ಕೊಕ್ಕೆ ಮಾಡುತ್ತಿದ್ದೆವು. ಮೈದಾನ ಅಂದರೆ ಕೊಯ್ಲಾದ ಗದ್ದೆ. ಬರಿಗಾಲಿಗೆ ಕೂಳೆ ಚುಚ್ಚುತ್ತಿತ್ತು. ಕೂಳೆಗೆ ತಾಗಿದ ಚೆಂಡು ಯಾವ ಕಡೆ ಹೋಗುತ್ತದೋ ಹೇಳಲಿಕ್ಕೆ ಬರುವುದಿಲ್ಲ. ಈ ಹುಡುಗ ಮಾತ್ರ ಚೆಂಡು ತಿರುಗುವ ಮೊದಲೇ ಕೋಲನ್ನು ಅಲ್ಲಿ ಇಟ್ಟಿರುತ್ತಿದ್ದ. ಮೈ ಸಣ್ಣದು. ತರಗತಿಯ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವನು. ದೊಡ್ಡ ಹುಡುಗರು ಮೈಮೇಲೆ ಬಂದರೆ ಅವರ ಕೋಲಿನ ಕೆಳಗೆ ಚೆಂಡು ತೂರಿಸಿ ಆಚೆ ಹೋಗಿ ತೆಗೆದುಕೊಳ್ಳುತ್ತಿದ್ದ. ಇದನ್ನು ನಾನು ಕಲಿಸಿದ್ದಲ್ಲ.

1995ರಲ್ಲಿ ಅವನು ಏಳನೇ ತರಗತಿ. ಒಂದು ಕ್ರೀಡಾ ವಸತಿ ನಿಲಯಕ್ಕೆ ಹಾಕಿ ಹುಡುಗರನ್ನು ಆರಿಸುತ್ತಾರೆ ಅಂತ ಗೊತ್ತಾಯಿತು. ಬೆಳಗಿನ ಮೊದಲ ಬಸ್ಸಿಗೆ ಅವನನ್ನು ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೋದೆ. ಅವನು ಶಿವಮೊಗ್ಗ ನೋಡಿದ್ದು ಅವತ್ತೇ ಮೊದಲು. ಅವರಮ್ಮ ಬುತ್ತಿಗೆ ಅಕ್ಕಿರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟಿದ್ದಳು. ಓಟದಲ್ಲಿ ಮೂರನೆಯವನಾದ. ಚೆಂಡು ಕೊಟ್ಟು ಆಡಿಸಿದಾಗ ಅಲ್ಲಿದ್ದ ಕೋಚ್ ಇನ್ನೊಬ್ಬರನ್ನು ಕರೆದು ತೋರಿಸಿದರು. ಅವತ್ತು ಅವನ ಕೈಗೆ ಮೊದಲ ಸಲ ನಿಜವಾದ ಸ್ಟಿಕ್ ಬಂದಿತ್ತು. ಬಿದಿರಿಗಿಂತ ಹಗುರ ಇದೆ ಸಾರ್ ಅಂದ.

ಮಧ್ಯಾಹ್ನ ದಾಖಲೆ ನೋಡಿದರು. ಜೂನ್ ಒಂದಕ್ಕೆ 13 ವರ್ಷ ತುಂಬಿರಬಾರದು ಅಂತ ನಿಯಮ. ಮೇಜಿನ ಹಿಂದಿದ್ದವರು ಕಾಗದದ ಮೇಲೆ ಬೆರಳಿಟ್ಟರು. "ಮೇಷ್ಟ್ರೇ, ಅವತ್ತಿಗೇ ಸರಿಯಾಗಿ ಹದಿಮೂರು ತುಂಬುತ್ತಲ್ಲ ಇವನಿಗೆ." ಒಂದೇ ದಿನ. ಹುಡುಗನ ನಿಜವಾದ ವಯಸ್ಸು ಹನ್ನೊಂದೂವರೆ ಅಂತ ನನಗೆ ಗೊತ್ತು, ಅವನ ತಾಯಿಗೆ ಗೊತ್ತು. ಆದರೆ ಕಾಗದದಲ್ಲಿದ್ದದ್ದು ನನ್ನದೇ ಅಕ್ಷರದಿಂದ ಬಂದ ತಾರೀಖು. ಮೇಜಿನ ಹಿಂದಿದ್ದವರನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿ ಕೂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮುಂದಿನ ವರ್ಷ ಕರೆದುಕೊಂಡು ಬರಲಾ ಅಂತ ಕೇಳಿದೆ. ಮುಂದಿನ ವರ್ಷ ಇನ್ನೂ ದೊಡ್ಡವನಾಗಿರುತ್ತಾನಲ್ಲ ಅಂದರು. ಅದೂ ಸರಿಯೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಕೇಳಿದ್ದು ಒಂದೇ ಮಾತು. "ಸಾರ್, ನಾನು ದೀಪಾವಳೀಲಿ ಹುಟ್ಟಿದ್ದು ಅಂತ ಅಮ್ಮ ಹೇಳ್ತಾಳಲ್ಲ?"

ಸಂಪಾದಕರೇ, ನಮ್ಮ ದೇಶದ ಕ್ರೀಡೆಯಲ್ಲಿ ವಯಸ್ಸಿನ ಮೋಸ ಅಂದರೆ ಎಲ್ಲರಿಗೂ ನೆನಪಾಗುವುದು ಒಂದೇ ಬಗೆ. ದೊಡ್ಡ ಹುಡುಗ ಸಣ್ಣ ವಯಸ್ಸು ತೋರಿಸಿ ಆಡುವುದು. ಅದನ್ನು ಹಿಡಿಯುವುದಕ್ಕೆ ಮೂಳೆ ಪರೀಕ್ಷೆ ಬಂದಿದೆ. ಕ್ರಿಕೆಟ್ ಮಂಡಳಿ ಎಳೆಯ ಆಟಗಾರರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ನೋಡುತ್ತದೆ. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಶಾಲೆಗೆ ಬೇಗ ಸೇರಿಸಲು ವಯಸ್ಸು ಜಾಸ್ತಿ ಬರೆಸಿದ ಮಕ್ಕಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಅವರು ಮೋಸ ಮಾಡಿದವರಲ್ಲ, ನಷ್ಟಪಟ್ಟವರು. ತಮಗಿಂತ ಒಂದೂವರೆ ವರ್ಷ ದೊಡ್ಡವರ ಜೊತೆ ಓಡಬೇಕು, ಎತ್ತರ ತೂಕದಲ್ಲಿ ಅವರಿಗೆ ಸಮ ಬರಬೇಕು, ಬರದಿದ್ದರೆ ಈ ಹುಡುಗನಲ್ಲಿ ದಮ್ಮಿಲ್ಲ ಅನ್ನಿಸಿಕೊಳ್ಳಬೇಕು.

ಸುಳ್ಳು ತಾರೀಖು ಇಲ್ಲದೆಯೂ ಇದು ನಡೆಯುತ್ತದೆ. ಗೆರೆ ಜನವರಿ ಒಂದಕ್ಕೆ ಇದ್ದರೆ ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವೂ ಒಂದೇ ಗುಂಪು. ಹನ್ನೊಂದು ಹನ್ನೆರಡು ವರ್ಷದಲ್ಲಿ ಹನ್ನೊಂದು ತಿಂಗಳು ಅಂದರೆ ಸಣ್ಣದಲ್ಲ. ಕೈ ಉದ್ದ, ಎದೆ ಅಗಲ, ಉಸಿರು ಎಲ್ಲ ಬೇರೆ. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಹುಡುಗರೇ ಜಾಸ್ತಿ ಇರುತ್ತಾರೆ ಅನ್ನುವುದನ್ನು 1980ರ ದಶಕದಲ್ಲೇ ಸಂಶೋಧಕರು ತೋರಿಸಿದ್ದರು. 2013ರಲ್ಲಿ ಇನ್ನೊಂದು ಅಧ್ಯಯನ ಎನ್‌ಎಚ್‌ಎಲ್ ಡ್ರಾಫ್ಟನ್ನೇ ಹಿಡಿದು ನೋಡಿತು. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದ ಹುಡುಗರನ್ನು ತಂಡಗಳು ಹಿಂದಿನ ಸುತ್ತುಗಳಿಗೆ ತಳ್ಳುತ್ತಿದ್ದವು. ಆದರೆ ಮುಂದೆ ಲೀಗಿನಲ್ಲಿ ಆ ಹುಡುಗರು ಆಡಿದ ಆಟ, ಅವರನ್ನು ಆರಿಸಿದ ಕ್ರಮಾಂಕಕ್ಕಿಂತ ಎಷ್ಟೋ ಮೇಲಿತ್ತು. ಅಷ್ಟು ದುಡ್ಡು, ಅಷ್ಟು ಪರಿಣತರು ಇರುವ ಕಡೆಯೇ ಕಣ್ಣು ತಪ್ಪುತ್ತದೆ. ಬೆಳಗಿನಿಂದ ಸಂಜೆಯೊಳಗೆ ನೂರಾರು ಮಕ್ಕಳನ್ನು ನೋಡಿ ಮುಗಿಸಬೇಕಾದ ನಮ್ಮ ಕೋಚ್‌ಗಳ ಕಣ್ಣು ತಪ್ಪುವುದರಲ್ಲಿ ಆಶ್ಚರ್ಯ ಏನಿದೆ?

ಆದರೆ ಅಮೆರಿಕದ ಆ ಪದ್ಧತಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೇರೆ. ಗೆರೆ ಗಟ್ಟಿಯಾಗಿದೆ, ಬಾಗಿಲು ಮಾತ್ರ ಒಂದೇ ಅಲ್ಲ. ಹದಿನೆಂಟಕ್ಕೆ ಯಾರೂ ಆರಿಸಲಿಲ್ಲವಾ, ಹತ್ತೊಂಬತ್ತಕ್ಕೆ ಮತ್ತೆ ಹೆಸರು ಇರುತ್ತದೆ. ಇಪ್ಪತ್ತಕ್ಕೂ ಇರುತ್ತದೆ. ಅಂದರೆ ಅಲ್ಲಿನ ಹುಡುಗರಿಗೆ ಮೂರು ಸಲ. ಸೆಪ್ಟೆಂಬರ್ 15 ದಾಟಿ ಹುಟ್ಟಿದವರಿಗೆ ಎರಡು ಸಲ. ಅದೂ ಆಗದಿದ್ದರೆ ಆಮೇಲೆ ಯಾವ ತಂಡದ ಜೊತೆ ಬೇಕಾದರೂ ನೇರವಾಗಿ ಒಪ್ಪಂದ ಮಾಡಿಕೊಳ್ಳಬಹುದು. ಮಾರ್ಟಿನ್ ಸೇಂಟ್ ಲೂಯಿ ಅಂತ ಒಬ್ಬ ಆಟಗಾರ. ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಓದಿದವನು. ಕುಳ್ಳ ಅಂತ ಯಾವ ತಂಡವೂ ಡ್ರಾಫ್ಟ್‌ನಲ್ಲಿ ಅವನನ್ನು ಮುಟ್ಟಲಿಲ್ಲ. ಕಾಲೇಜು ಮುಗಿದ ಮೇಲೆ ಹಾಗೇ ಸೇರಿಕೊಂಡು, ಇಡೀ ಲೀಗಿನಲ್ಲಿ ಅತಿ ಹೆಚ್ಚು ಅಂಕ (ಗೋಲು ಹೊಡೆದರೂ ಒಂದು, ಗೋಲಿಗೆ ಪಾಸ್ ಕೊಟ್ಟರೂ ಒಂದು) ಗಳಿಸಿದವನಿಗೆ ಕೊಡುವ ಪ್ರಶಸ್ತಿಯನ್ನು 2004ರಲ್ಲೂ 2013ರಲ್ಲೂ ಗೆದ್ದ. 2018ರಲ್ಲಿ ದೊಡ್ಡ ಆಟಗಾರರನ್ನು ಗೌರವಿಸುವ ಹಾಕಿಯ ಹಾಲ್ ಆಫ್ ಫೇಮ್‌ಗೆ ಹೋದ. ಗೋಲ್‌ಕೀಪರ್ ಎಡ್ ಬೆಲ್‌ಫೋರ್, ಆಡಮ್ ಓಟ್ಸ್ ಇವರೂ ಕಾಲೇಜಿನಿಂದಲೇ ಬಂದವರು. ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾದವರು. ಇವರಿಬ್ಬರ ಹೆಸರೂ ಈಗ ಆ ಹಾಲ್‌ನಲ್ಲಿದೆ.

ಇನ್ನೊಂದು ವಿಷಯ. ಅಲ್ಲಿ ಕಾಲೇಜು ಹಾಕಿಯಲ್ಲಿ ಆಯ್ಕೆಯಾದ ತಕ್ಷಣ ಓದು ಬಿಡಬೇಕಾಗಿಲ್ಲ. ತಂಡ ಹಕ್ಕು ಇಟ್ಟುಕೊಳ್ಳುತ್ತದೆ. ಹುಡುಗ ಸಹಿ ಹಾಕುವವರೆಗೆ ಕಾಲೇಜಿಗೇ ಆಡಬಹುದು. 2021ರಲ್ಲಿ ಇಡೀ ಡ್ರಾಫ್ಟ್‌ಗೆ ಮೊದಲನೆಯವನಾಗಿ ಆಯ್ಕೆಯಾದ ಓವೆನ್ ಪವರ್ ಮಿಷಿಗನ್ ವಿದ್ಯಾರ್ಥಿ. ಮೊದಲ ಸ್ಥಾನ ಸಿಕ್ಕಿದ ಮೇಲೂ ಇನ್ನೊಂದು ವರ್ಷ ಕಾಲೇಜಿಗೆ ವಾಪಸ್ ಬಂದು ಆಡಿದ. ಆ ವರ್ಷ ಆಯ್ಕೆಯಾದ ಮೊದಲ ಐವರಲ್ಲಿ ನಾಲ್ವರು ಸೇರಿ ಮಿಷಿಗನ್‌ಗೆ ಆಡಿದರು. ಅವಸರ ಮಾಡಲಿಲ್ಲ. ನಮ್ಮಲ್ಲಿ ಒಳ್ಳೇ ಆಟಗಾರ್ತಿಯೊಬ್ಬಳು ಹತ್ತನೇ ತರಗತಿಗೆ ಬಂದರೆ ಓದೋ ಆಟವೋ ಅಂತ ಮನೆಯಲ್ಲಿ ಜಗಳ ಶುರುವಾಗುತ್ತದೆ. ಸಾಮಾನ್ಯವಾಗಿ ಆಟವೇ ಸೋಲುತ್ತದೆ.

ತಡವಾಗಿ ಹುಟ್ಟಿದ್ದು ಅಲ್ಲಿ ಕೆಲವು ಸಲ ಒಳ್ಳೆಯದೇ ಆಗುತ್ತದೆ. ಫ್ಯಾಂಟಿಲಿ ಕಾಯಬೇಕಾಗಿದ್ದರಿಂದಲೇ ಡ್ರಾಫ್ಟ್‌ಗೆ ಮೊದಲು ಒಂದು ಪೂರ್ತಿ ವರ್ಷ ಕಾಲೇಜಿನಲ್ಲಿ ಆಡಿದ. ನಾನಲ್ಲಿದ್ದ ಆ ಋತುವಿನಲ್ಲಿ 36 ಪಂದ್ಯಕ್ಕೆ 65 ಅಂಕ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಮೊದಲ ವರ್ಷದಲ್ಲೇ ಬಂತು. ಮೂರನೆಯವನಾಗಿ ಕೊಲಂಬಸ್ ತಂಡಕ್ಕೆ ಹೋದ. ಆಸ್ಟನ್ ಮ್ಯಾಥ್ಯೂಸ್ ಅಂತ ಇನ್ನೊಬ್ಬ. ಹುಟ್ಟಿದ್ದು 1997ರ ಸೆಪ್ಟೆಂಬರ್ 17. ಎರಡೇ ದಿನಕ್ಕೆ 2015ರ ಡ್ರಾಫ್ಟ್ ತಪ್ಪಿತು. ಅವನು ಕಾಲೇಜಿಗೆ ಹೋಗಲಿಲ್ಲ. ಸ್ವಿಟ್ಜರ್ಲೆಂಡಿಗೆ ಹೋಗಿ ದೊಡ್ಡವರ ಲೀಗಿನಲ್ಲಿ ಒಂದು ವರ್ಷ ಆಡಿದ. 2016ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ, ಎನ್‌ಎಚ್‌ಎಲ್‌ನ ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದ. ಎರಡು ದಿನ ತಪ್ಪಿದ್ದಕ್ಕೆ ಅವನ ಆಟ ಮುಗಿದುಹೋಗಲಿಲ್ಲ. ನಮ್ಮ ಹುಡುಗನಿಗೆ ತಪ್ಪಿದ್ದು ಒಂದೇ ದಿನ, ಅದೂ ಅವನು ಹುಟ್ಟದ ದಿನ.

ಆ ಗೆರೆಯೂ ದೇವರು ಎಳೆದದ್ದಲ್ಲ. 1963ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಡ್ರಾಫ್ಟ್ ನಡೆದಾಗ ಹದಿನಾರು, ಹದಿನೇಳರ ಹುಡುಗರನ್ನು ಆರಿಸಿದ್ದರು. ಆಮೇಲೆ ಇಪ್ಪತ್ತಾಗಬೇಕು ಅಂತ ಮಾಡಿದರು. 1977ರಲ್ಲಿ ಕೆನ್ ಲಿನ್ಸ್‌ಮನ್ ಅನ್ನುವ ಹತ್ತೊಂಬತ್ತರ ಹುಡುಗ, ಆಗ ಇದ್ದ ಇನ್ನೊಂದು ಲೀಗಿನ ಇದೇ ಇಪ್ಪತ್ತರ ನಿಯಮದ ಮೇಲೆ ಕೋರ್ಟಿಗೆ ಹೋಗಿ ಗೆದ್ದ. 1979ರಲ್ಲಿ ಎನ್‌ಎಚ್‌ಎಲ್ ಹತ್ತೊಂಬತ್ತಕ್ಕೆ ಇಳಿಸಿತು, 1980ರಲ್ಲಿ ಹದಿನೆಂಟಕ್ಕೆ. ಅಂದರೆ ಕೇಳಿದರೆ ಬದಲಾಗುತ್ತದೆ. ಅದಕ್ಕೇ ನಾನೂ ಕೇಳುತ್ತಿದ್ದೇನೆ.

ವಯಸ್ಸಿನ ಮಿತಿ ತೆಗೆದುಹಾಕಿ ಅಂತ ನಾನು ಕೇಳುವುದಿಲ್ಲ. ಮಿತಿ ಇಲ್ಲದಿದ್ದರೆ ದೊಡ್ಡವರು ಸಣ್ಣವರನ್ನು ತುಳಿಯುತ್ತಾರೆ. ಕೊಡಗಿನ ಕೊಡವ ಹಾಕಿ ಹಬ್ಬದಲ್ಲಿ ಮನೆತನದ ಮಕ್ಕಳು, ಅಜ್ಜಂದಿರು, ಹೆಂಗಸರು ಎಲ್ಲ ಒಂದೇ ತಂಡದಲ್ಲಿ ಆಡುತ್ತಾರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಆ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳನ್ನು ಸೇರಿಸಿ ಗಿನ್ನೆಸ್ ದಾಖಲೆ ಮಾಡಿತು. ಅದರ ಚೆಂದವೇ ಬೇರೆ. ಆದರೆ ವಸತಿ ನಿಲಯದ ಸೀಟು ಅಂದಾಗ ಗೆರೆ ಬೇಕೇ ಬೇಕು. ನಾನು ಕೇಳುವುದು ಗೆರೆಯ ಆಚೆ ಇನ್ನೊಂದು ಬಾಗಿಲು.

ಆಯ್ಕೆಯ ದಿನ ಚೆನ್ನಾಗಿ ಆಡಿಯೂ ತಾರೀಖಿಗೆ ಬಿದ್ದ ಮಕ್ಕಳ ಹೆಸರು ಬರೆದಿಟ್ಟುಕೊಳ್ಳಿ. ಸುಮ್ನೆ ವಾಪಸ್ ಕಳಿಸಬೇಡಿ. ಅದೇ ಜಿಲ್ಲೆಯಲ್ಲಿ ಮುಂದಿನ ಎರಡು ವರ್ಷ ಅವರನ್ನು ಕರೆದು ನೋಡಿ, ಮೇಲಿನ ವಯಸ್ಸಿನ ಗುಂಪಿನಲ್ಲಿ ಜಾಗ ಕೊಡಿ. ಈಗ ಹೈಸ್ಕೂಲಿಗೆ ಸೇರುವಾಗ ತಪ್ಪಿದ ಹುಡುಗನನ್ನು ಮತ್ತೆ ಯಾರಾದರೂ ನೋಡುವುದು ಪಿಯುಸಿ ಹೊತ್ತಿಗೆ. ಅಷ್ಟರಲ್ಲಿ ಅವನು ಕೋಲು ಮೂಲೆಗಿಟ್ಟು ಅಡಿಕೆ ಸುಲಿಯಲು ಹೋಗಿರುತ್ತಾನೆ. ಎತ್ತರ, ತೂಕ, ಓಟದ ಸಮಯ ಬರೆಯುವ ಹಾಳೆಯಲ್ಲಿ ಹುಟ್ಟಿದ ತಿಂಗಳಿಗೂ ಒಂದು ಕಾಲಂ ಇರಲಿ. ಆ ಗುಂಪಿನಲ್ಲಿ ಈ ಮಗು ದೊಡ್ಡದೋ ಸಣ್ಣದೋ ಅಂತ ಕೋಚ್‌ಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹಾಕಿ ಇಂಡಿಯಾ ಲೀಗ್ 2024ರಲ್ಲಿ ಮತ್ತೆ ಶುರುವಾದಾಗ ಪ್ರತಿ ಪುರುಷರ ತಂಡದ 24 ಆಟಗಾರರಲ್ಲಿ ನಾಲ್ವರು ಜೂನಿಯರ್‌ಗಳು ಇರಲೇಬೇಕು ಅಂತ ನಿಯಮ ಮಾಡಿದರು. ಮೇಲೆ ಎಳೆಯರಿಗೆ ಜಾಗ ಇದೆ. ಅಲ್ಲಿಗೆ ಹೋಗುವ ದಾರಿ ಕೆಳಗೆ ನಮ್ಮ ಜಿಲ್ಲೆಗಳಲ್ಲೇ ಮುಚ್ಚಿಹೋಗಬಾರದು.

ತಂದೆತಾಯಿಯರಿಗೂ ಒಂದು ಮಾತು. ಒಂದನೇ ತರಗತಿಗೆ ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮದ ಬಗ್ಗೆ 2025ರಲ್ಲಿ ಎಷ್ಟು ಗಲಾಟೆಯಾಯಿತು ಅಂತ ಎಲ್ಲರಿಗೂ ನೆನಪಿದೆ. ನಮ್ಮ ಜಿಲ್ಲೆಯವರೇ ಆದ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳು ಅಂತ ಸಡಿಲ ಮಾಡಿದರು. ಆಗ ನನ್ನ ಹತ್ತಿರ ಬಂದು, ತಾರೀಖು ಸ್ವಲ್ಪ ಹಿಂದೆ ಹಾಕಿಸುವ ದಾರಿ ಏನಾದರೂ ಇದೆಯಾ ಮೇಷ್ಟ್ರೇ ಅಂತ ಕೇಳಿದವರಿದ್ದರು. ಇನ್ನು ಮುಂದೆ ಅದು ಸಾಧ್ಯವೂ ಇರುವುದಿಲ್ಲ. 2023ರ ಅಕ್ಟೋಬರ್‌ನಿಂದ ಹೊಸ ಕಾಯ್ದೆ ಬಂದಿದೆ. ಅಲ್ಲಿಂದ ಮುಂದೆ ಹುಟ್ಟಿದ ಮಕ್ಕಳಿಗೆ ಶಾಲೆಗಾಗಲಿ ಬೇರೆಯದಕ್ಕಾಗಲಿ ಜನನ ಪ್ರಮಾಣಪತ್ರವೇ ಆಧಾರ. ಆದರೆ ಸಾಧ್ಯವಿದ್ದರೂ ಮಾಡಬೇಡಿ. ಮಗು ಒಂದು ವರ್ಷ ತಡವಾಗಿ ಶಾಲೆಗೆ ಹೋದರೆ ಏನೂ ಆಗುವುದಿಲ್ಲ. ಆ ಒಂದು ವರ್ಷ ಮಗುವಿನದು. ಯಾವತ್ತೋ ಒಂದು ದಿನ ಯಾವುದೋ ಮೇಜಿನ ಮುಂದೆ ಅದು ಅವನಿಗೆ ಬೇಕಾಗುತ್ತದೆ.

ಆ ಹುಡುಗ ಈಗ ಹೊಸನಗರದ ಕಡೆ ಟಿಪ್ಪರ್ ಓಡಿಸುತ್ತಾನೆ. ಸಿಕ್ಕಿದಾಗ ಗಾಡಿ ನಿಲ್ಲಿಸಿ ಇಳಿದು ಬಂದು ಮಾತಾಡಿಸುತ್ತಾನೆ. ನಾನು ಒಂದು ಸಲ ಎಲ್ಲವನ್ನೂ ಹೇಳಿದೆ. ಆ ತಾರೀಖು ಬರೆದವನು ನಾನೇ ಕಣೋ ಅಂದೆ. "ಗೊತ್ತು ಸಾರ್, ಅಮ್ಮ ಹೇಳಿದ್ಳು. ಅವತ್ತು ನೀವು ಬರೀದೇ ಇದ್ದಿದ್ರೆ ಅಕ್ಕ ಶಾಲೆ ಬಿಡ್ತಿದ್ಲು" ಅಂದ. ಅವನ ಅಕ್ಕ ಈಗ ಅಂಗನವಾಡಿ ಶಿಕ್ಷಕಿ. ಅವನು ಹೇಳಿದ್ದು ನಿಜ ಇರಬಹುದು. ಆದರೂ ಬಸ್ಸಿನಲ್ಲಿ ಅವನು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾನು ಆಡಿಸಿದ ತಂಡಗಳ ನೋಟ್‌ಬುಕ್ಕುಗಳು ಈಗಲೂ ನನ್ನ ಹತ್ತಿರ ಇವೆ. ಮಗುವಿನ ಹೆಸರು, ಶಾಲೆಯ ದಾಖಲೆಯಲ್ಲಿದ್ದ ತಾರೀಖು, ತಾಯಂದಿರು ಹೇಳಿದ ಹಬ್ಬ ಅಥವಾ ಮಳೆ ನಕ್ಷತ್ರ, ಮೂರನ್ನೂ ಬರೆದಿದ್ದೇನೆ. 1995ರ ಆ ದಿನದಿಂದ ನಿವೃತ್ತಿಯವರೆಗೆ ಒಂದು ವರ್ಷವೂ ತಪ್ಪಿಸಿಲ್ಲ. ಇಲಾಖೆಯವರು ಯಾರಾದರೂ ನೋಡುತ್ತೇನೆ ಅಂದರೆ ನಾನೇ ಶಿವಮೊಗ್ಗಕ್ಕೆ ತಂದು ಕೊಡುತ್ತೇನೆ. ಆಯ್ಕೆಯ ದಿನ ಮೇಜಿನ ಪಕ್ಕ ಕೂತು, ತಾರೀಖಿಗೆ ಬಿದ್ದ ಮಕ್ಕಳ ಹೆಸರು ಬರೆದುಕೊಳ್ಳಲು ಜನ ಬೇಕು ಅಂದರೂ ಬರುತ್ತೇನೆ. ಅಕ್ಷರ ಈಗಲೂ ಚೆನ್ನಾಗಿದೆ.

ಇಂತಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ